ಬ್ರಷ್ ತಾಗುವ ಮೊದಲು ಮಣ್ಣು ಇಳಿಯಬೇಕು: ಆಟೋಮ್ಯಾಟಿಕ್ ವಾಶ್‌ನಿಂದ ಕಾರಿನ ಪೇಂಟ್ ಉಳಿಸಿಕೊಳ್ಳುವುದು

ಹೋದ ವರ್ಷ ಆಯುಧ ಪೂಜೆಗೆ ಎರಡು ದಿನ ಮುಂಚೆ ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದೆ. ನನ್ನ ಕಾರು ಕಡು ನೀಲಿ. ಕೊಡಗಿನ ಸುಂಟಿಕೊಪ್ಪ ಕಡೆಯ ನಮ್ಮ ತೋಟದ ರಸ್ತೆಯ ಕೆಂಪು ಮಣ್ಣು ಬಾಗಿಲಿನ ಅರ್ಧದವರೆಗೆ ಮೆತ್ತಿಕೊಂಡಿತ್ತು. ವಾಪಸ್ ಬರುವಾಗ ಒಂದು ಕಡೆ ಆಟೋಮ್ಯಾಟಿಕ್ ಕಾರ್ ವಾಶ್ ಕಾಣಿಸಿತು. ಒಳಗೇ ಕೂತಿರಿ ಸರ್, ಹತ್ತೇ ನಿಮಿಷ ಅಂದರು. ಮನೆಗೆ ಹೋಗಿ ಚಳಿಯಲ್ಲಿ ಬಕೆಟ್ ಹಿಡಿಯುವವರು ಯಾರು ಅಂತ ನಾನೂ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಒಂದು ಪಿಕಪ್, ಮೈತುಂಬಾ ಜಲ್ಲಿ ಪುಡಿ. ಅದು ಒಳಗೆ ಹೋಗಿ ಬಂತು, ಅದರ ಹಿಂದೆಯೇ ನಾನು. ಹೊರಗೆ ಬಂದಾಗ ಕಾರು ಫಳಫಳ ಹೊಳೆಯುತ್ತಿತ್ತು, ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ಮಂಜು ಕರಗಿ, ಸಿಲ್ವರ್ ಓಕ್ ಮರಗಳ ಸಂದಿಯಿಂದ ಬಿಸಿಲು ನೇರ ಬಾನೆಟ್ ಮೇಲೆ ಬಿತ್ತು. ಸೂರ್ಯನ ಬಿಂಬದ ಸುತ್ತ ಕೂದಲೆಳೆಯಂಥ ಗೆರೆಗಳು, ಉಂಗುರದೊಳಗೆ ಉಂಗುರ. ಬಾನೆಟ್ ಅಷ್ಟೇ ಅಲ್ಲ, ಎರಡೂ ಬಾಗಿಲು, ಡಿಕ್ಕಿ, ಎಲ್ಲ ಕಡೆ.

ಅದು ಹೇಗಿರುತ್ತದೆ ಅಂತ ನೋಡಬೇಕಾದರೆ ಅಡುಗೆಮನೆಗೆ ಹೋಗಿ. ನಾಲ್ಕೈದು ವರ್ಷ ಸ್ಕ್ರಬ್ಬರ್ ಹಾಕಿ ಉಜ್ಜಿದ ಸ್ಟೀಲ್ ತಟ್ಟೆ ತೆಗೆದುಕೊಂಡು ಬಲ್ಬಿನ ಕೆಳಗೆ ಹಿಡಿಯಿರಿ. ಬೆಳಕಿನ ಸುತ್ತ ದುಂಡಗಿನ ಗೆರೆ ಕಾಣುತ್ತದೆ. ತಟ್ಟೆ ಅಲ್ಲಾಡಿಸಿದರೆ ಉಂಗುರವೂ ಜೊತೆಗೇ ಓಡಾಡುತ್ತದೆ. ನಿಜವಾಗಿ ಗೆರೆಗಳು ದುಂಡಗೆ ಇಲ್ಲ, ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡ ಬಿದ್ದ ಗೆರೆ ಮಾತ್ರ ಹೊಳೆಯುವುದರಿಂದ ನಮಗೆ ಉಂಗುರದ ಹಾಗೆ ಕಾಣುತ್ತದೆ. ಕಾರಿನ ಪೇಂಟ್‌ನಲ್ಲೂ ಇದೇ ಕತೆ. ಕಾರಿಗೆ ಪಾಲಿಶ್, ಕೋಟಿಂಗ್ ಮಾಡುವ ಡಿಟೇಲಿಂಗ್‌ನವರು ಇದಕ್ಕೆ ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಬಿಳಿ, ಸಿಲ್ವರ್ ಕಾರಲ್ಲೂ ಇರುತ್ತದೆ, ಕಾಣುವುದು ಕಮ್ಮಿ ಅಷ್ಟೇ. ಕಪ್ಪು, ಕಡು ನೀಲಿ, ಕಡು ಕೆಂಪು ತೆಗೆದುಕೊಂಡವರಿಗೆ ದಿನಾ ಕಾಣುತ್ತದೆ.

ಆಮೇಲೆ ಒಂದು ವರ್ಷ ಇದರ ಹಿಂದೆ ಬಿದ್ದು, ಕೆಡಿಸಿ, ಸರಿ ಮಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಮೊದಲು ಒಂದು ಮಾತು: ಕಾರಿಗೆ ಗೆರೆ ಹಾಕುವುದು ಯಂತ್ರ ಅಲ್ಲ, ಮಣ್ಣು. ಯಂತ್ರ ಆ ಮಣ್ಣನ್ನು ಜೋರಾಗಿ ಉಜ್ಜುತ್ತದೆ. ಬಟ್ಟೆ ಹಿಡಿದ ಕೈಯೂ ಅದನ್ನೇ ಮಾಡುತ್ತದೆ, ಸ್ವಲ್ಪ ನಿಧಾನಕ್ಕೆ.

ಎಷ್ಟು ತೆಳ್ಳಗಿದೆ ಗೊತ್ತಾ

ತಗಡಿನ ಮೇಲೆ ಮೊದಲು ತುಕ್ಕು ಹಿಡಿಯದ ಹಾಗೆ ಒಂದು ಕೋಟ್, ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್, ಅಂದರೆ ಹೆಚ್ಚು ಕಮ್ಮಿ ಒಂದು ಕಾಗದದ ಹಾಳೆಯ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50 ಮೈಕ್ರಾನ್. ತಲೆಗೂದಲಿಗಿಂತ ತೆಳ್ಳಗೆ. ಹೊಳಪು ಕೊಡುವುದೂ ಇದೇ, ಬಿಸಿಲಿನಿಂದ ಬಣ್ಣ ಕಾಯುವುದೂ ಇದೇ, ಗೆರೆ ತಿನ್ನುವುದೂ ಇದೇ.

ಈಗ ನಮ್ಮ ರಸ್ತೆಯ ಮಣ್ಣು ನೋಡಿ. ಒದ್ದೆ ಇದ್ದಾಗ ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ, ಇದೇನು ಮಾಡೀತು ಅನಿಸುತ್ತದೆ. ಒಂದು ಚಿಟಿಕೆ ತೆಗೆದು ಬೆರಳ ಮಧ್ಯೆ ತಿಕ್ಕಿ. ಜೇಡಿ ಜಾರಿ ಹೋದ ಮೇಲೆ ಕರಕರ ಅನ್ನುವುದು ಉಳಿಯುತ್ತದೆ ಅಲ್ವಾ, ಅದು ಮರಳು. ಮರಳಿನಲ್ಲಿ ಇರುವ ಕ್ವಾರ್ಟ್ಜ್ ಕಲ್ಲು ಗಡಸುತನದ ಮೋಸ್ ಅಳತೆಯಲ್ಲಿ 7. ಗಾಜಿಗೂ ಗೆರೆ ಹಾಕುತ್ತದೆ, ಕ್ಲಿಯರ್ ಕೋಟ್ ಯಾವ ಲೆಕ್ಕ. ಆ ಕಾಳು ಪೇಂಟ್ ಮೇಲೆ ಸುಮ್ನೆ ಕೂತಿದ್ದರೆ ಏನೂ ಆಗುವುದಿಲ್ಲ. ಅದರ ಮೇಲೆ ಏನಾದರೂ ಒತ್ತಿ ಎಳೆದಾಗಲೇ ಗೆರೆ.

ಬ್ರಷ್ ಯಂತ್ರದಲ್ಲಿ ಆಗುವುದು ಇದೇ. ಹಳೇ ಯಂತ್ರಗಳಲ್ಲಿ ನೈಲಾನ್ ಎಳೆಯ ಬ್ರಷ್ ಇರುತ್ತದೆ, ಹೊಸತರಲ್ಲಿ ಫೋಮ್ ಅಥವಾ ಬಟ್ಟೆಯ ಪಟ್ಟಿ. ಫೋಮ್ ಮೆತ್ತಗೆ, ಹಾಗಾಗಿ ಗೆರೆ ಬೀಳಲ್ಲ ಅಂತ ಹೇಳುವವರು ಇದ್ದಾರೆ. ಅರ್ಧ ನಿಜ. ನೈಲಾನ್‌ಗಿಂತ ವಾಸಿ ಹೌದು. ಆದರೆ ನನ್ನ ಮುಂದೆ ಹೋದ ಪಿಕಪ್ಪಿನ ಜಲ್ಲಿ ಪುಡಿ ಆ ಪಟ್ಟಿಯಲ್ಲಿ ಉಳಿದಿದ್ದರೆ, ಪಟ್ಟಿ ಎಷ್ಟೇ ಮೆತ್ತಗಿದ್ದರೂ ನನ್ನ ಬಾನೆಟ್ ಮೇಲೆ ಸುತ್ತಿ ಹೊಡೆದದ್ದು ಜಲ್ಲಿ ಪುಡಿಯೇ. ಅದರ ಜೊತೆಗೆ ಕೆಲವು ಕಡೆ ಒಂದೇ ನೀರನ್ನು ಸೋಸಿ ಮತ್ತೆ ಮತ್ತೆ ಬಳಸುತ್ತಾರೆ. ನೀರು ಉಳಿಸುವುದು ಒಳ್ಳೆಯದೇ, ಆದರೆ ಸೋಸುವುದು ಸರಿಯಾಗಿಲ್ಲದಿದ್ದರೆ ಸಣ್ಣ ಮರಳು ನೀರಿನಲ್ಲೇ ಬರುತ್ತದೆ.

ಬ್ರಷ್ ಇಲ್ಲದ, ಬರೀ ನೀರು ಮತ್ತು ನೊರೆಯ ಟಚ್‌ಲೆಸ್ ಯಂತ್ರವೂ ಇದೆ. ಗೆರೆಯ ಭಯ ಅದರಲ್ಲಿ ತುಂಬಾ ಕಮ್ಮಿ. ಆದರೆ ಉಜ್ಜುವ ಕೆಲಸವನ್ನು ಕೆಮಿಕಲ್ ಮಾಡಬೇಕಲ್ಲ, ಅದಕ್ಕೆ ಕ್ಷಾರ ಜಾಸ್ತಿ ಇರುವ ಸೋಪು ಹಾಕುತ್ತಾರೆ. ಪಿಎಚ್ ಜಾಸ್ತಿ ಇರುವ ಈ ದ್ರಾವಣ ನೀವು ಹಚ್ಚಿದ ವ್ಯಾಕ್ಸನ್ನೂ ತೊಳೆದುಕೊಂಡು ಹೋಗುತ್ತದೆ. ಯಾವಾಗಲೋ ಒಮ್ಮೆ ಪರವಾಗಿಲ್ಲ. ಎರಡರಲ್ಲಿ ಒಂದು ಆರಿಸಲೇಬೇಕು ಅಂದರೆ ನಾನು ಇದನ್ನೇ ಆರಿಸುತ್ತೇನೆ, ಮನೆಗೆ ಬಂದು ಮತ್ತೆ ವ್ಯಾಕ್ಸ್ ಹಚ್ಚುತ್ತೇನೆ.

ಹೋಗಲೇಬೇಕು ಅಂದರೆ

ಬ್ರಷ್ ಯಂತ್ರಕ್ಕೆ ಹೋಗಲೇಬೇಡಿ ಅಂತ ಹೇಳಿ ಮುಗಿಸಬಹುದು. ಆದರೆ ಬೆನ್ನು ನೋವು ಇರುವವರು, ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇರುವ ನಮ್ಮೂರ ಹುಡುಗರು, ಅವರೆಲ್ಲ ಏನು ಮಾಡಬೇಕು? ಹೋಗುವುದಾದರೆ ಸ್ವಲ್ಪ ನೋಡಿಕೊಂಡು ಹೋಗಿ.

ಮೊದಲು ಕಾರು ಹೊರಗೆ ನಿಲ್ಲಿಸಿ, ಇಳಿದು, ಎರಡು ಕಾರು ಒಳಗೆ ಹೋಗಿ ಬರುವುದನ್ನು ನೋಡಿ. ಕಾರು ಬ್ರಷ್ಷಿಗೆ ಹೋಗುವ ಮುಂಚೆ ಯಾರಾದರೂ ಪ್ರೆಷರ್ ಗನ್ ಹಿಡಿದು ಮಣ್ಣು ಇಳಿಸುತ್ತಾರಾ? ಇಳಿಸಲ್ಲ ಅಂದರೆ ಹಾಗೇ ವಾಪಸ್ ಬನ್ನಿ, ಬೇರೆ ಏನೂ ನೋಡುವುದು ಬೇಡ. ಇಳಿಸುತ್ತಾರೆ ಅಂದರೆ ಮುಂದೆ ನೋಡಿ: ಬ್ರಷ್ ನಿಂತಿರುವಾಗ ಅದರ ಎಳೆ ಅಥವಾ ಪಟ್ಟಿಯ ಬಣ್ಣ ಹೇಗಿದೆ, ತುದಿ ಹರಿದು ಗಟ್ಟಿಯಾಗಿದೆಯಾ, ಕೆಳಗಿನ ಚರಂಡಿಯಲ್ಲಿ ಕೆಸರು ತುಂಬಿ ನಿಂತಿದೆಯಾ. ಸಾಲಿನಲ್ಲಿ ನಿಮ್ಮ ಮುಂದೆ ಕೆಸರಿನ ಜೀಪೋ ಪಿಕಪ್ಪೋ ಇದ್ದರೆ ಹಿಂದಿನವರಿಗೆ ದಾರಿ ಬಿಟ್ಟುಕೊಡಿ. ಹಬ್ಬದ ಹಿಂದಿನ ದಿನ, ಮಳೆ ನಿಂತ ಮೊದಲ ಭಾನುವಾರ, ಈ ಎರಡು ದಿನ ಆ ಕಡೆ ತಲೆಯನ್ನೂ ಹಾಕಬೇಡಿ, ಊರಿನ ಕೆಸರೆಲ್ಲ ಅವತ್ತು ಅದೇ ಬ್ರಷ್‌ನಲ್ಲಿ ಇರುತ್ತದೆ.

ನಮ್ಮ ಕಡೆಯಿಂದ ಕುಶಾಲನಗರ ದಾಟಿ ಕೆಳಗೆ ಹೋಗುವವರು ಇನ್ನೊಂದು ಮಾಡಬಹುದು. ಮನೆಯಲ್ಲೇ ಪೈಪ್ ಹಿಡಿದು ಚಕ್ರದ ಗೂಡು, ಬಾಗಿಲಿನ ಕೆಳಭಾಗ, ಹಿಂದಿನ ಬಂಪರ್, ಇಷ್ಟಕ್ಕೆ ನೀರು ಬಿಟ್ಟು ಕೆಂಪು ಹೋಗುವವರೆಗೆ ತೊಳೆಯಿರಿ. ಕೈ ತಾಗಿಸುವುದು ಬೇಡ. ಹತ್ತು ನಿಮಿಷದ ಕೆಲಸ. ಅಲ್ಲಿ ಹೋಗಿ ಯಂತ್ರಕ್ಕೆ ಕೊಟ್ಟರೂ ಉಜ್ಜುವುದಕ್ಕೆ ಮಣ್ಣು ಕಮ್ಮಿ ಇರುತ್ತದೆ.

ಒಳಗೆ ಹೋಗುವಾಗ ಕನ್ನಡಿ ಮಡಚಿ. ಮೇಲಿನ ಆಂಟೆನಾ ತಿರುಗಿಸಿ ಬಿಚ್ಚಿ ಒಳಗೆ ಹಾಕಿ. ಮಳೆ ಬಿದ್ದರೆ ತಾನೇ ಓಡುವ ವೈಪರ್ ಇದ್ದರೆ ಅದನ್ನು ಪೂರ್ತಿ ಆಫ್ ಮಾಡಿ, ಇಲ್ಲವಾದರೆ ಬ್ರಷ್ ಬರುವಾಗ ಅದೂ ಎದ್ದು ನಿಂತು ಮುರಿಸಿಕೊಳ್ಳುತ್ತದೆ. ಹಿಂದಿನ ವೈಪರನ್ನು ಮರೆಯುವವರೇ ಜಾಸ್ತಿ. ಕಾರನ್ನು ಎಳೆದುಕೊಂಡು ಹೋಗುವ ಯಂತ್ರವಾದರೆ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಇಳಿಸಿ, ಆಟೋ ಹೋಲ್ಡ್ ಇದ್ದರೆ ಅದೂ ಆಫ್. ಮೇಲೆ ಕ್ಯಾರಿಯರ್ ಕಟ್ಟಿದವರು ಮೊದಲೇ ಕೇಳಿಕೊಳ್ಳಿ.

ಹೊರಗೆ ಬಂದ ತಕ್ಷಣ ಒಬ್ಬ ಹುಡುಗ ಬಟ್ಟೆ ಹಿಡಿದು ಓಡಿ ಬರುತ್ತಾನೆ. ಬೆಳಿಗ್ಗೆಯಿಂದ ಅದೇ ಬಟ್ಟೆ. ಅದರಲ್ಲೇ ಚಕ್ರ, ಅದರಲ್ಲೇ ಬಾನೆಟ್. "ಬೇಡ ತಮ್ಮಾ, ನಾನೇ ಒರೆಸಿಕೊಳ್ಳುತ್ತೇನೆ" ಅಂತ ಹೇಳಿ ಹತ್ತು ರೂಪಾಯಿ ಕೊಟ್ಟು ಕಳಿಸಿ. ನಿಮ್ಮ ಡಿಕ್ಕಿಯಲ್ಲಿ ಒಂದು ದೊಡ್ಡ ಮೈಕ್ರೋಫೈಬರ್ ಟವೆಲ್ ಪ್ಲಾಸ್ಟಿಕ್ ಕವರಿನೊಳಗೆ ಇರಲಿ.

ಕೊನೆಗೆ ಹಾಟ್ ವ್ಯಾಕ್ಸ್, ಶೈನ್ ಅಂತ ಜಾಸ್ತಿ ದುಡ್ಡಿನ ಪ್ಯಾಕೇಜ್ ಹೇಳುತ್ತಾರೆ. ನೀರು ಜಾರುವುದಕ್ಕೆ ಒಂದೆರಡು ವಾರ ಸಹಾಯ ಆಗಬಹುದು, ಗೆರೆ ತಡೆಯುವುದಿಲ್ಲ. ನಾನಂತೂ ಹಾಕಿಸುವುದಿಲ್ಲ.

ಟಿಂಕರಿಂಗ್ ಆಗಿ ಹೊಸದಾಗಿ ಪೇಂಟ್ ಹೊಡೆಸಿದ ಕಾರನ್ನು ಒಂದು ತಿಂಗಳಾದರೂ ಬ್ರಷ್ ಕಡೆ ತೆಗೆದುಕೊಂಡು ಹೋಗಬೇಡಿ. ಕಾರ್ಖಾನೆಯಲ್ಲಿ ಪೇಂಟನ್ನು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ, ಗ್ಯಾರೇಜಿನ ಬೂತ್‌ನಲ್ಲಿ ಸುಮಾರು 60 ಡಿಗ್ರಿ. ಅದು ಪೂರ್ತಿ ಗಟ್ಟಿಯಾಗುವುದಕ್ಕೆ ವಾರಗಟ್ಟಲೆ ಬೇಕು. ಮ್ಯಾಟ್ ಪೇಂಟ್ ಇರುವವರು ಯಾವತ್ತೂ ಹೋಗಬೇಡಿ, ಅದರಲ್ಲಿ ಬಿದ್ದ ಗೆರೆಯನ್ನು ಪಾಲಿಶ್ ಮಾಡಿ ತೆಗೆಯಲು ಆಗಲ್ಲ. ತೆಗೆದರೆ ಅಷ್ಟು ಜಾಗ ಹೊಳೆಯಲು ಶುರುವಾಗುತ್ತದೆ.

ಸರ್ವೀಸ್‌ಗೆ ಬಿಟ್ಟಾಗ

ಇದು ತುಂಬಾ ಜನರಿಗೆ ಹೊಳೆಯುವುದೇ ಇಲ್ಲ. ನಾನು ಆಟೋಮ್ಯಾಟಿಕ್ ವಾಶ್‌ಗೆ ಹೋಗಿಯೇ ಇಲ್ಲ, ಆದರೂ ಗೆರೆ ಬಂತು ಅನ್ನುವವರು ಸರ್ವೀಸ್ ಬಿಲ್ ತೆಗೆದು ನೋಡಿ. ಫ್ರೀ ವಾಶ್ ಅಂತ ಇರುತ್ತದೆ. ದಿನಕ್ಕೆ ಹತ್ತಾರು ಕಾರು ಬರುವ ಜಾಗದಲ್ಲಿ ಯಾರಿಗೂ ನಿಮ್ಮ ಬಾನೆಟ್ ಮೇಲೆ ಪ್ರೀತಿ ಇರಲ್ಲ. ಕಾರು ಬಿಡುವಾಗಲೇ ಜಾಬ್ ಕಾರ್ಡ್‌ನಲ್ಲಿ "ವಾಶ್ ಬೇಡ" ಅಂತ ಬರೆಸಿ. ಬಾಯಿಮಾತು ಸಾಲದು, ಬಾಯಿಮಾತು ಸರ್ವೀಸ್ ಸಲಹೆಗಾರನ ಹತ್ತಿರವೇ ಉಳಿಯುತ್ತದೆ, ಕಾರು ತೊಳೆಯುವವರವರೆಗೆ ಹೋಗಲ್ಲ. ನಾನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಬರುತ್ತೇನೆ. ನಗುತ್ತಾರೆ, ನಗಲಿ.

ನಮ್ಮೂರ ವಾಟರ್ ವಾಶ್ ಏನೂ ಕಮ್ಮಿ ಇಲ್ಲ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಜಾಸ್ತಿ ಇರುವುದು ಪ್ರೆಷರ್ ಗನ್ ಹಿಡಿದ ಹುಡುಗರ ವಾಟರ್ ವಾಶ್. ಯಂತ್ರದ ಬ್ರಷ್ ಇಲ್ಲವಲ್ಲ ಅಂತ ಸಮಾಧಾನ ಬೇಡ. ಹೋದ ತಿಂಗಳು ಕಣ್ಣಾರೆ ನೋಡಿದೆ. ನೊರೆ ಹಾಕಿದ, ಸ್ಪಾಂಜ್ ತೆಗೆದ, ಬಾನೆಟ್ ಉಜ್ಜಿದ, ಫೋನ್ ಬಂತು, ಸ್ಪಾಂಜ್ ಕೈಜಾರಿ ಕೆಳಗೆ ಬಿತ್ತು. ಕೆಳಗೆ ಕಾಂಕ್ರೀಟ್ ನೆಲ, ಅದರ ಮೇಲೆ ಬೆಳಿಗ್ಗೆಯಿಂದ ತೊಳೆದ ಗಾಡಿಗಳ ಮಣ್ಣು ರವೆ ಹಾಗೆ ಹರಡಿಕೊಂಡಿತ್ತು. ಸ್ಪಾಂಜ್ ಎತ್ತಿಕೊಂಡ, ಒಂದು ಸಾರಿ ಹಿಂಡಿದ, ಬಾಗಿಲು ಉಜ್ಜಲು ಶುರು ಮಾಡಿದ. ಬೇರೆಯವರ ಕಾರು, ನಾನು ಸುಮ್ಮನಿರಬೇಕಿತ್ತು, ಆಗಲಿಲ್ಲ. "ಅಣ್ಣಾ, ಅದನ್ನ ಬಕೆಟ್‌ಗೆ ಹಾಕಿ ಒಮ್ಮೆ ಜಾಲಿಸಿ" ಅಂದೆ. ಜಾಲಿಸಿದ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂಥ ಕಡೆ ಹೋದರೆ ನಾನು ಮಾಡಿಸುವುದು ಇಷ್ಟೇ: ಪ್ರೆಷರ್‌ನಿಂದ ಮಣ್ಣು ಇಳಿಸಿ, ಅಡಿಭಾಗ ತೊಳೆಯಿರಿ, ನೊರೆ ಹಾಕಿ, ಮತ್ತೆ ನೀರು ಹೊಡೆಯಿರಿ. ಸ್ಪಾಂಜ್ ಬೇಡ, ಬಟ್ಟೆ ಬೇಡ. ಒರೆಸುವುದು ನನ್ನ ಟವೆಲ್, ನನ್ನ ಕೈ. ಪೂರ್ತಿ ದುಡ್ಡು ಕೊಡಿ, ಕೆಲಸ ಕಮ್ಮಿ ಮಾಡಿಸಿದೆ ಅಂತ ಚೌಕಾಸಿ ಮಾಡಬೇಡಿ, ಮುಂದಿನ ಸಲ ಅವರೇ ನೆನಪಿಟ್ಟು ಹಾಗೇ ಮಾಡುತ್ತಾರೆ. ಗನ್ನಿನ ಮೂತಿಯನ್ನು ಪೇಂಟ್‌ಗೆ ಒಂದು ಅಡಿಗಿಂತ ಹತ್ತಿರ ತರಬಾರದು. ಪೇಂಟ್ ಎದ್ದ ಕಡೆ, ಕಲ್ಲು ಹೊಡೆದ ಚುಕ್ಕೆ ಇರುವ ಕಡೆ ಇನ್ನೂ ದೂರ, ಇಲ್ಲವಾದರೆ ಆ ಚುಕ್ಕೆಯ ಅಂಚಿನಿಂದ ಪೇಂಟ್ ಚಕ್ಕೆ ಏಳುತ್ತದೆ.

ಹೊಳೆಗೆ ಕಾರು ಇಳಿಸಿ ತೊಳೆಯುವವರು ಇನ್ನೂ ಇದ್ದಾರೆ. ಆ ನೀರು ಕೆಳಗಿನ ಊರಿನವರು ಕುಡಿಯುತ್ತಾರೆ, ಕಾರಿನ ಎಣ್ಣೆ, ಗ್ರೀಸು ಎಲ್ಲ ಅದಕ್ಕೇ ಹೋಗುತ್ತದೆ. ಅದು ಬೇಡ.

ಮನೆಯಲ್ಲಿ ತೊಳೆಯುವ ಕ್ರಮ

ಎರಡು ಬಕೆಟ್ ಬೇಕು. ಒಂದರಲ್ಲಿ ಕಾರ್ ಶಾಂಪೂ ಹಾಕಿದ ನೀರು, ಇನ್ನೊಂದರಲ್ಲಿ ಬರೀ ನೀರು. ಪಾತ್ರೆ ತೊಳೆಯುವ ಸೋಪು ಹಾಕಬೇಡಿ, ಅದು ಜಿಡ್ಡು ತೆಗೆಯಲೆಂದೇ ಮಾಡಿದ್ದು, ವ್ಯಾಕ್ಸನ್ನೂ ಜಿಡ್ಡು ಅಂತಲೇ ತೆಗೆಯುತ್ತದೆ. ಸ್ಪಾಂಜ್ ಬದಲು ಕೈಗೆ ಹಾಕಿಕೊಳ್ಳುವ ಮೈಕ್ರೋಫೈಬರ್ ಗ್ಲೌಸ್ ತೆಗೆದುಕೊಳ್ಳಿ. ಸ್ಪಾಂಜ್ ಮೈ ಚಪ್ಪಟೆ, ಮರಳು ಅದರ ಮತ್ತು ಪೇಂಟಿನ ಮಧ್ಯೆಯೇ ಸಿಕ್ಕಿಕೊಳ್ಳುತ್ತದೆ. ಗ್ಲೌಸ್‌ನ ಉದ್ದ ಎಳೆಗಳ ಒಳಗೆ ಮರಳು ಸೇರಿಕೊಂಡು ಪೇಂಟಿನಿಂದ ದೂರ ಇರುತ್ತದೆ.

ಕಾರು ನೆರಳಲ್ಲಿ ನಿಲ್ಲಿಸಿ, ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಿ. ಮೊದಲು ಚಕ್ರ ಮತ್ತು ಚಕ್ರದ ಗೂಡು, ಅದಕ್ಕೆ ಬೇರೆಯೇ ಬ್ರಷ್, ಬೇರೆಯೇ ನೀರು. ಆಮೇಲೆ ಇಡೀ ಕಾರಿಗೆ ನೀರು ಬಿಟ್ಟು ಐದು ನಿಮಿಷ ಬಿಡಿ. ಒಣಗಿದ ಮಣ್ಣು ನೆನೆಯಬೇಕು. ಅವಲಕ್ಕಿ ನೆನೆಯುವಷ್ಟು ಹೊತ್ತು ಅಂದುಕೊಳ್ಳಿ. ಆಮೇಲೆ ಮೇಲಿನಿಂದ ಕೆಳಗೆ ನೀರು ಹೊಡೆಯಿರಿ, ಕೆಳಗೆ ಬೀಳುವ ನೀರು ಕೆಂಪಾಗಿರುವುದು ನಿಲ್ಲುವವರೆಗೂ ಹೊಡೆಯಿರಿ. ಅರ್ಧ ಕೆಲಸ ಅಲ್ಲ, ಮುಕ್ಕಾಲು ಕೆಲಸ ಇಲ್ಲೇ ಮುಗಿಯಿತು.

ಈಗ ಗ್ಲೌಸ್. ಟಾಪ್, ಗಾಜು, ಬಾನೆಟ್, ಬಾಗಿಲ ಮೇಲ್ಭಾಗ, ಹೀಗೆ ಮೇಲಿನಿಂದ ಕೆಳಗೆ. ದುಂಡಗೆ ತಿಕ್ಕಬೇಡಿ, ಉದ್ದಕ್ಕೆ ನೇರ ಎಳೆಯಿರಿ. ಒತ್ತಬೇಡಿ, ಗ್ಲೌಸ್‌ನ ಭಾರವೇ ಸಾಕು. ಒಂದು ಬಾಗಿಲು ಆಯಿತಾ, ಬರೀ ನೀರಿನ ಬಕೆಟ್‌ಗೆ ಮುಳುಗಿಸಿ ಚೆನ್ನಾಗಿ ಜಾಲಿಸಿ, ಆಮೇಲೆ ಶಾಂಪೂ ಬಕೆಟ್‌ಗೆ. ಬಾಗಿಲ ಕೆಳಭಾಗ ಮತ್ತು ಹಿಂದಿನ ಬಂಪರ್ ಎಲ್ಲಕ್ಕಿಂತ ಕೊನೆ, ಅದಕ್ಕೆ ಹಳೇ ಗ್ಲೌಸ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಎಲ್ಲ ಮುಗಿದ ಮೇಲೆ ಬರೀ ನೀರಿನ ಬಕೆಟ್ಟಿನ ತಳಕ್ಕೆ ಕೈ ಹಾಕಿ ನೋಡಿ. ಅಕ್ಕಿ ಆರಿಸಿದಾಗ ಸಿಗುವ ಕಲ್ಲಿನ ಹಾಗೆ ಬೆರಳಿಗೆ ಕರಕರ ತಾಗುತ್ತದೆ. ಒಂದೇ ಬಕೆಟ್ ಇದ್ದಿದ್ದರೆ ಅದೆಲ್ಲ ಮತ್ತೆ ಬಾನೆಟ್ ಮೇಲೆ ಹೋಗುತ್ತಿತ್ತು.

ಒರೆಸುವಾಗ ಪೈಪಿನ ಮೂತಿ ತೆಗೆದು ನೀರನ್ನು ಮೆಲ್ಲಗೆ ಹರಿಯ ಬಿಡಿ, ಹೆಚ್ಚಿನ ನೀರು ಹಾಳೆಯ ಹಾಗೆ ತಾನೇ ಇಳಿದು ಹೋಗುತ್ತದೆ. ಉಳಿದದ್ದಕ್ಕೆ ಟವೆಲ್ ಹಾಸಿ ಒತ್ತಿ ತೆಗೆಯಿರಿ. ಬೋರ್‌ವೆಲ್ ನೀರು ಗಡಸು ಇದ್ದರೆ ಹಾಗೇ ಒಣಗಲು ಬಿಡಬೇಡಿ, ಬಿಳಿ ಚುಕ್ಕೆ ಉಳಿಯುತ್ತದೆ. ಇಲ್ಲಿ ನಮಗೊಂದು ಅನುಕೂಲ ಇದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಆ ನೀರಲ್ಲಿ ಉಪ್ಪಿನ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಪಾಚಿ, ಎಲೆ ಎಲ್ಲ ತೊಳೆದು ಹೋದ ಮೇಲೆ ಶೀಟಿನ ಅಂಚಿಗೆ ಒಂದು ಡ್ರಮ್ ಇಟ್ಟು ಹಿಡಿದು, ಒಂದು ದಿನ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಕೊನೆಯ ಜಾಲಿಸುವಿಕೆಗೆ ಬಳಸಿ. ಚುಕ್ಕೆ ಅನ್ನುವುದೇ ಇರಲ್ಲ.

ಟವೆಲನ್ನು ಬೇರೆ ಬಟ್ಟೆಯ ಜೊತೆ ಒಗೆಯಬೇಡಿ, ಘಮಘಮ ಬರಲಿ ಅಂತ ಸಾಫ್ಟ್ನರ್ ಹಾಕಬೇಡಿ, ಕಾಫಿ ಕಣದಲ್ಲಿ ಒಣಹಾಕಬೇಡಿ. ನೆಲಕ್ಕೆ ಬಿದ್ದರೆ ಅವತ್ತಿನ ಮಟ್ಟಿಗೆ ಅದರ ಕೆಲಸ ಮುಗಿಯಿತು.

ಬೆಂಗಳೂರಿನವರಿಗೆ ಪೈಪ್ ಹಿಡಿಯುವ ಭಾಗ್ಯ ಇಲ್ಲ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಅಲ್ಲಿನ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಅವರಿಗೆ ರಿನ್ಸ್‌ಲೆಸ್ ವಾಶ್ ದ್ರಾವಣ ಇದೆ, ಅಂದರೆ ಒರೆಸಿದ ಮೇಲೆ ಮತ್ತೆ ನೀರು ಬಿಟ್ಟು ತೊಳೆಯಬೇಕಿಲ್ಲದ್ದು. ಒಂದು ಬಕೆಟ್ ನೀರಿಗೆ ಡಬ್ಬಿಯ ಮೇಲೆ ಹೇಳಿದಷ್ಟು ಹಾಕಿ, ಆರೇಳು ಮೈಕ್ರೋಫೈಬರ್ ಬಟ್ಟೆ ನೆನೆಹಾಕಿ. ಬಟ್ಟೆಯನ್ನು ನಾಲ್ಕಾಗಿ ಮಡಚಿದರೆ ಒಟ್ಟು ಎಂಟು ಮುಖ ಸಿಗುತ್ತವೆ. ಒಂದು ಮುಖಕ್ಕೆ ಒಂದು ಜಾಗ, ಒಂದೇ ಸಲ ಎಳೆದು ಮುಖ ಬದಲಿಸಿ, ಬಳಸಿದ ಬಟ್ಟೆ ಮತ್ತೆ ಬಕೆಟ್‌ಗೆ ಹೋಗಬಾರದು. ಇದು ಸಾದಾ ಧೂಳಿಗೆ ಮಾತ್ರ. ಊರಿಂದ ಕೆಸರು ಹೊತ್ತುಕೊಂಡು ಹೋದ ಕಾರಿಗೆ ಇದನ್ನು ಮಾಡಿದರೆ ಬ್ರಷ್ ಯಂತ್ರವೇ ವಾಸಿ ಅನ್ನಿಸುತ್ತದೆ. ಇನ್ನು ಬೆಳಿಗ್ಗೆ ಬೆಳಿಗ್ಗೆ ಒಂದು ಬಕೆಟ್, ಒಂದು ಬಟ್ಟೆಯಲ್ಲಿ ಇಡೀ ಬೇಸ್‌ಮೆಂಟಿನ ಕಾರು ಒರೆಸುವವರಿಗೆ ಒಳಗಡೆ ಮತ್ತು ಗಾಜಿನ ಕೆಲಸ ಮಾತ್ರ ಕೊಡಿ.

ಮಂಜು ಒರೆಸುವ ಚಾಳಿ

ಇದನ್ನು ನಮ್ಮವರು ಎಲ್ಲರೂ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಕಾಲ, ತೋಟದ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಾಡಿ ಧೂಳು ಹಿಟ್ಟಿನ ಹಾಗೆ ಎದ್ದು ಕಾರಿನ ಮೇಲೆ ಕೂತಿರುತ್ತದೆ. ರಾತ್ರಿ ಅದರ ಮೇಲೆ ಇಬ್ಬನಿ ಬೀಳುತ್ತದೆ. ಬೆಳಿಗ್ಗೆ ನೋಡಿದರೆ ಕಾರು ಒದ್ದೆ. ಒದ್ದೆ ಇದೆಯಲ್ಲ, ನೀರು ಹಾಕುವುದು ಯಾಕೆ ಅಂತ ಹಳೇ ಬನಿಯನ್ ತೆಗೆದು ಬಾನೆಟ್ ಒರೆಸಿಬಿಡುತ್ತೇವೆ. ಆ ಇಬ್ಬನಿ ಮಣ್ಣನ್ನು ತೊಳೆದುಕೊಂಡು ಹೋಗುವಷ್ಟಿಲ್ಲ, ಬಟ್ಟೆಗೆ ಅಂಟಿಸುವಷ್ಟು ಮಾತ್ರ ಇದೆ. ಉಪ್ಪು ಕಾಗದ ಹಿಡಿದು ಉಜ್ಜಿದ ಹಾಗೆ. ಆಟೋಮ್ಯಾಟಿಕ್ ವಾಶ್ ವರ್ಷಕ್ಕೆ ಎರಡು ಸಲ, ಇದು ದಿನಾ. ನನ್ನ ಕಾರಿನ ಎಲ್ಲ ಗೆರೆಯನ್ನೂ ಆ ಮೈಸೂರಿನ ಯಂತ್ರದ ತಲೆಗೆ ಕಟ್ಟುವುದು ನ್ಯಾಯ ಅಲ್ಲ, ಅರ್ಧ ನನ್ನ ಬನಿಯನ್ನಿನ ಪಾಲು. ಈಗ ಗಾಜು ಮತ್ತು ಕನ್ನಡಿ ಮಾತ್ರ ಒರೆಸುತ್ತೇನೆ, ಅದೂ ಮೊದಲು ಒಂದು ಚೊಂಬು ನೀರು ಹಾಕಿ.

ಮಳೆಗಾಲದಲ್ಲಿ ಕಾರು ತೊಳೆಯುವ ಗೋಜಿಗೆ ಹೋಗಬೇಡಿ. ವಾರಕ್ಕೊಮ್ಮೆ ನೀರು ಹೊಡೆದು ಚಕ್ರದ ಗೂಡಿನ ಕೆಸರು ಇಳಿಸಿ, ಅಷ್ಟು ಸಾಕು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟರೆ ಆಗ ಕೂತು ಪೂರ್ತಿ ತೊಳೆದರಾಯಿತು. ವ್ಯಾಕ್ಸ್ ಮಾತ್ರ ಮೇ ತಿಂಗಳಲ್ಲೇ, ಮುಂಗಾರಿಗೆ ಮುಂಚೆ ಹಚ್ಚಿಬಿಡಿ.

ವ್ಯಾಕ್ಸ್, ಸೆರಾಮಿಕ್, ಪಿಪಿಎಫ್

ಕಾರ್ನೌಬಾ ವ್ಯಾಕ್ಸ್ ಒಂದರಿಂದ ಮೂರು ತಿಂಗಳು ಬಾಳುತ್ತದೆ. ನಮ್ಮ ಮಳೆಗೆ ಕಮ್ಮಿಯೇ ಅನ್ನಿ. ಸಿಂಥೆಟಿಕ್ ಸೀಲಂಟ್ ಅದಕ್ಕಿಂತ ಜಾಸ್ತಿ ಬರುತ್ತದೆ. ಸೆರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಇರುತ್ತದೆ, ಮಣ್ಣು ಸುಲಭಕ್ಕೆ ಬಿಡುತ್ತದೆ, ನೀರು ಮುತ್ತಿನ ಹಾಗೆ ಉರುಳುತ್ತದೆ, ಅದೆಲ್ಲ ನಿಜ. ಆದರೆ ಅಂಗಡಿಯವರು "9ಎಚ್ ಗಡಸು ಸರ್, ಗೆರೆ ಬೀಳಲ್ಲ" ಅಂದರೆ ನಂಬಬೇಡಿ. ಆ 9ಎಚ್ ಪೆನ್ಸಿಲ್ ಪರೀಕ್ಷೆಯ ಲೆಕ್ಕ, 9ಎಚ್ ಪೆನ್ಸಿಲ್‌ನಿಂದ ಗೀಚಿದರೆ ಗೆರೆ ಬೀಳಲ್ಲ ಅಂತ. ಕಲ್ಲಿನ ಗಡಸುತನ ಅಳೆಯುವ ಮೋಸ್ ಅಳತೆಯ 9 ಬೇರೆ. ನಮ್ಮ ರಸ್ತೆಯಲ್ಲಿ ಇರುವುದು ಪೆನ್ಸಿಲ್ ಅಲ್ಲ, ಮರಳು. ಸೆರಾಮಿಕ್ ಹಾಕಿಸಿದ ಧೈರ್ಯದಲ್ಲಿ ಬ್ರಷ್ ಯಂತ್ರಕ್ಕೆ ಹೋದರೆ ಕೋಟಿಂಗ್ ಮೇಲೆಯೇ ಗೆರೆ ಬೀಳುತ್ತದೆ.

ಗೆರೆಯನ್ನು ನಿಜವಾಗಿ ತಡೆಯುವುದು ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ಟಿಪಿಯು ಅನ್ನುವ ಪ್ಲಾಸ್ಟಿಕ್ಕಿನ ಹಾಳೆ, 150ರಿಂದ 200 ಮೈಕ್ರಾನ್ ದಪ್ಪ, ಅಂದರೆ ಇಡೀ ಪೇಂಟಿಗಿಂತ ದಪ್ಪ. ಸಣ್ಣ ಗೆರೆ ಬಿದ್ದರೆ ಬಿಸಿಲಿಗೋ ಬಿಸಿ ನೀರಿಗೋ ತಾನೇ ಮಾಯುತ್ತದೆ. ದುಬಾರಿ. ಇಡೀ ಕಾರಿಗೆ ಹಾಕಿಸುವುದು ನನ್ನ ಕೈಲಾಗುವ ಮಾತಲ್ಲ. ಆದರೆ ತೋಟದ ರಸ್ತೆಯಲ್ಲಿ ಎರಡೂ ಕಡೆಯ ಕಾಫಿ ಗಿಡದ ಕೊಂಬೆ, ಲಂಟಾನ ಎಲ್ಲ ಬಾಗಿಲು ಸವರುವ ಹಾಗಿದ್ದರೆ ಬಾಗಿಲಿಗೆ ಮತ್ತು ಹಿಂದಿನ ಚಕ್ರದ ಮೇಲಿನ ಭಾಗಕ್ಕೆ ಹಾಕಿಸುವುದರಲ್ಲಿ ಅರ್ಥ ಇದೆ. ಅದಕ್ಕಿಂತ ಅಗ್ಗದ ದಾರಿ ಒಂದು ಕತ್ತಿ ತೆಗೆದುಕೊಂಡು ರಸ್ತೆಯ ಬದಿ ಸವರುವುದು.

ಗೆರೆ ಬಿದ್ದಾಗಿದ್ದರೆ

ಉಗುರನ್ನು ಗೆರೆಗೆ ಅಡ್ಡ ಮೆಲ್ಲಗೆ ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಗೆರೆ ಕ್ಲಿಯರ್ ಕೋಟ್ ಮೇಲೇ ಇದೆ, ಪಾಲಿಶ್‌ನಲ್ಲಿ ಹೋಗುತ್ತದೆ. ಸಿಕ್ಕಿಕೊಂಡರೆ ಆಳ, ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ. ಪಾಲಿಶ್ ಅಂದರೆ ಗೆರೆ ತುಂಬುವುದಲ್ಲ, ಗೆರೆಯ ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಪ್ರತಿ ಸರ್ವೀಸಿಗೂ ರಬ್ಬಿಂಗ್ ಪಾಲಿಶ್ ಹಾಕಿಸುವುದು ಕಾರಿನ ಚರ್ಮ ಸುಲಿಸಿದ ಹಾಗೆ. ಅಗ್ಗದ ಪಾಲಿಶ್‌ನಲ್ಲಿ ಇನ್ನೊಂದು ಮೋಸ ಇದೆ, ಎಣ್ಣೆಯಂಥ ವಸ್ತು ಗೆರೆಯಲ್ಲಿ ತುಂಬಿ ಹೊಳೆಯುವ ಹಾಗೆ ಮಾಡುತ್ತಾರೆ, ನಾಲ್ಕು ಸಲ ತೊಳೆದ ಮೇಲೆ ಎಲ್ಲ ಗೆರೆಯೂ ವಾಪಸ್. ನಾನು ಒಂದು ಸಲ ಸರಿಯಾಗಿ ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡವರ ಹತ್ತಿರ ಮಾಡಿಸಿದೆ. ಎಲ್ಲ ಹೋಗಲಿಲ್ಲ. ಬಾನೆಟ್ಟಿನ ಎಡಗಡೆ ಮೂರು ಗೆರೆ ಈಗಲೂ ಇದೆ, ಇರಲಿ ಅಂತ ಬಿಟ್ಟಿದ್ದೇನೆ.

ಯಂತ್ರದಿಂದ ಹೊರಗೆ ಬಂದ ಕೂಡಲೇ ಹೊಸ ಗೆರೆ, ಮುರಿದ ಕನ್ನಡಿ ಕಂಡರೆ ಅಲ್ಲೇ ಫೋಟೋ ತೆಗೆದು ತೋರಿಸಿ. ಒಳಗೆ ಹೋಗುವ ಮುಂಚಿನ ಫೋಟೋ ಇದ್ದರೆ ಮಾತ್ರ ಮಾತು ನಿಲ್ಲುತ್ತದೆ. ನನ್ನ ಹತ್ತಿರ ಇರಲಿಲ್ಲ.

ಆಯುಧ ಪೂಜೆಯ ವಿಷಯಕ್ಕೆ ಬಂದರೆ, ಈ ಸಲ ಮನೆಯಲ್ಲೇ ತೊಳೆದೆ. ಪೂಜೆ ಆದ ಮೇಲೆ ಬಾನೆಟ್ ಮೇಲಿನ ವಿಭೂತಿ, ಅರಿಶಿನ, ಕುಂಕುಮ ಒಣಗಿ ಕೂತಿರುತ್ತದೆ ಅಲ್ವಾ, ಅದನ್ನು ಉಗುರಿನಿಂದ ಕೆರೆಯುವುದು, ಒಣ ಬಟ್ಟೆಯಲ್ಲಿ ತಿಕ್ಕುವುದು ಬೇಡ. ವಾರಗಟ್ಟಲೆ ಬಿಟ್ಟರೂ ಕಲೆ ಉಳಿಯುತ್ತದೆ. ಮಾರನೇ ದಿನ ಬೆಳಿಗ್ಗೆ ಒದ್ದೆ ಬಟ್ಟೆಯೊಂದನ್ನು ಅದರ ಮೇಲೆ ಹಾಸಿ, ಒಂದು ಲೋಟ ಕಾಫಿ ಕುಡಿದು ಬಂದು, ಬಟ್ಟೆ ಎತ್ತಿ, ಪೈಪ್‌ನಿಂದ ನೀರು ಬಿಡಿ. ತಾನಾಗಿಯೇ ಇಳಿದು ಹೋಗುತ್ತದೆ. ಹಕ್ಕಿ ಪಿಕ್ಕೆಗೂ ಹೀಗೇ ಮಾಡಿ, ಅದಕ್ಕೆ ಮಾರನೇ ದಿನದವರೆಗೂ ಕಾಯಬೇಡಿ.